ಒಂಬತ್ತು ಪೆನಾಲ್ಟಿ ಕಾರ್ನರ್, ಒಂದೂ ಗೋಲಿಲ್ಲ: ಹಾಕಿ ಇಂಡಿಯಾ ಅಧ್ಯಕ್ಷರಿಗೆ ಬಹಿರಂಗ ಪತ್ರ

ಜನವರಿ 2024

ಮಾನ್ಯ ದಿಲೀಪ್ ಟಿರ್ಕಿ ಅವರಿಗೆ ನಮಸ್ಕಾರ.

ರಾಂಚಿಯಲ್ಲಿ ಜನವರಿ 19ರಂದು ನಮ್ಮ ಮಹಿಳಾ ಹಾಕಿ ತಂಡ ಜಪಾನ್‌ಗೆ 0-1ರಿಂದ ಸೋತಿತು. ಅದು ಒಲಿಂಪಿಕ್ಸ್ ಅರ್ಹತಾ ಟೂರ್ನಿ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಗುವ ದಾರಿ ಅಲ್ಲಿಗೆ ಮುಗಿಯಿತು. ಸಿಟ್ಟಿನಲ್ಲಿ ಏನೂ ಬರೆಯಬಾರದು ಅಂತ ಇಷ್ಟು ದಿನ ಸುಮ್ಮನಿದ್ದೆ. ಈಗ ಸಿಟ್ಟು ಸ್ವಲ್ಪ ಇಳಿದಿದೆ. ನೋವು ಹಾಗೇ ಇದೆ.

ನೀವು ಕನ್ನಡ ಓದುವವರಲ್ಲ ಅಂತ ಗೊತ್ತು. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ರಾಷ್ಟ್ರೀಯ ತಂಡದ ಶಿಬಿರ ನಡೆಯುವುದು ನಮ್ಮ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ. ರಾಂಚಿಯಲ್ಲಿ ಆಡಿದ ತಂಡದಲ್ಲಿ ಕರ್ನಾಟಕದ ಒಬ್ಬ ಹುಡುಗಿಯೂ ಇರಲಿಲ್ಲ, ನಿಜ. ಹರಿಯಾಣ, ಜಾರ್ಖಂಡ್, ಮಣಿಪುರ, ಮಿಜೋರಾಂ, ಮಹಾರಾಷ್ಟ್ರ, ಎಲ್ಲೆಲ್ಲಿಂದಲೋ ಬಂದವರು. ಆದರೆ ವರ್ಷಗಟ್ಟಲೆ ಅವರು ಬೆವರು ಸುರಿಸಿದ್ದು ಈ ಊರಿನ ಟರ್ಫ್ ಮೇಲೆ. ಅವರು ನಮ್ಮ ಹುಡುಗಿಯರೂ ಹೌದು. ಇಲ್ಲಿಯ ಹಾಕಿ ಅಭಿಮಾನಿಗಳೂ ಇದನ್ನು ಓದಲಿ ಅನ್ನುವ ಆಸೆ ನನಗಿದೆ.

ನನಗೆ ಹೇಳಬೇಕಾಗಿರುವುದು ಒಂದೇ ಮಾತು. ನಾವು ರಾಂಚಿಯಲ್ಲಿ ಸೋತದ್ದು ಪೆನಾಲ್ಟಿ ಕಾರ್ನರ್‌ನಲ್ಲಿ. ಅದಕ್ಕೆ ಆ ಹುಡುಗಿಯರು ಹೊಣೆ ಅಲ್ಲ, ಕೋಚ್ ಒಬ್ಬರೇ ಹೊಣೆಯೂ ಅಲ್ಲ. ಮಹಿಳಾ ಹಾಕಿಯಲ್ಲಿ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಎಸೆಯುವ ಹೊಡೆತ) ಮಾಡುವವರನ್ನು ತಯಾರು ಮಾಡುವ ಕೆಲಸವನ್ನೇ ನಾವು ಸರಿಯಾಗಿ ಹಚ್ಚಿಕೊಂಡಿಲ್ಲ.

ಆ ಪಂದ್ಯವನ್ನೇ ನೋಡಿ. ಆರನೇ ನಿಮಿಷದಲ್ಲಿ ಜಪಾನ್‌ಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು, ಕಾನಾ ಉರಾತಾ ಗೋಲು ಹೊಡೆದರು. ಆಮೇಲೆ 54 ನಿಮಿಷ ಬಾಕಿ ಇತ್ತು. ಅಷ್ಟೂ ಹೊತ್ತು ಆಟ ಜಾಸ್ತಿ ನಡೆದದ್ದು ಜಪಾನ್ ಅರ್ಧದಲ್ಲೇ. ನಮ್ಮವರು ನುಗ್ಗಿದರು, ಪಕ್ಕದಿಂದ ಬಂದರು, ಮಧ್ಯದಿಂದ ಬಂದರು, ಎದುರಾಳಿಯ ಕಾಲಿಗೆ ಚೆಂಡು ತಾಗಿಸಿ ಕಾರ್ನರ್ ಗಿಟ್ಟಿಸಿದರು. ಒಟ್ಟು ಒಂಬತ್ತು ಪೆನಾಲ್ಟಿ ಕಾರ್ನರ್ ಬಂದವು. ಒಂದೂ ಗೋಲಾಗಲಿಲ್ಲ. ಕೊನೆಯ ಕ್ವಾರ್ಟರ್‌ನಲ್ಲಿ ಪ್ರತಿ ಸಲ ಅಂಪೈರ್ ಕಾರ್ನರ್‌ಗೆ ಕೈ ತೋರಿಸಿದಾಗಲೂ ಕ್ರೀಡಾಂಗಣ ಎದ್ದು ನಿಲ್ಲುತ್ತಿತ್ತು. ನೋಡುತ್ತಿದ್ದ ನನಗೆ ಮಾತ್ರ ಅಷ್ಟರಲ್ಲಿ ಹೊಟ್ಟೆಯೊಳಗೆ ಸಂಕಟ ಶುರುವಾಗಿತ್ತು. ಗೋಲು ಬರುವುದಿಲ್ಲ ಅನ್ನುವುದು ಮೊದಲೇ ಗೊತ್ತಾಗಿಬಿಟ್ಟಿತ್ತು.

ಹಾಕಿಯನ್ನು ಯಾವಾಗಲೋ ಒಮ್ಮೆ ನೋಡುವ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೆನಾಲ್ಟಿ ಕಾರ್ನರ್ ಅಂದರೆ ಹಾಕಿಯಲ್ಲಿ ಸಿಗುವ ಅತಿ ದೊಡ್ಡ ಅವಕಾಶಗಳಲ್ಲಿ ಒಂದು. ಗೋಲ್‌ಕೀಪರ್ ಸೇರಿ ಎದುರಾಳಿಯ ಐದೇ ಜನ ಗೋಲು ಗೆರೆಯ ಹಿಂದೆ ನಿಲ್ಲಬಹುದು. ಉಳಿದವರೆಲ್ಲ ಮೈದಾನದ ಮಧ್ಯದ ಗೆರೆಯ ಆಚೆ ಹೋಗಬೇಕು. ನಮ್ಮ ಆಟಗಾರ್ತಿ ಒಬ್ಬಳು ಗೋಲು ಕಂಬದಿಂದ 10 ಮೀಟರ್ ದೂರದಲ್ಲಿ, ಹಿಂದಿನ ಗೆರೆಯ ಮೇಲೆ ಚೆಂಡಿಟ್ಟು ಪುಷ್ ಮಾಡುತ್ತಾಳೆ. 'ಡಿ' ಅನ್ನುವ, ಗೋಲಿನ ಮುಂದಿನ ಅರ್ಧವೃತ್ತದ ಹೊರಗೆ ಇನ್ನೊಬ್ಬಳು ಬಗ್ಗಿ, ಸ್ಟಿಕ್ ನೆಲಕ್ಕೆ ಮಲಗಿಸಿ ಆ ಚೆಂಡನ್ನು ನಿಲ್ಲಿಸುತ್ತಾಳೆ. ಮೂರನೆಯವಳು ಓಡಿ ಬಂದು ಹೊಡೆಯುತ್ತಾಳೆ. ಅಷ್ಟರಲ್ಲಿ ಎದುರಾಳಿಯ ರಶರ್, ಅಂದರೆ ಓಡಿ ಬಂದು ತಡೆಯುವವಳು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಾಣದ ಹಾಗೆ ಅವಳ ಮೇಲೇ ಬರುತ್ತಿರುತ್ತಾಳೆ. ಎಲ್ಲಾ ಮುಗಿಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಪುಷ್ ಸ್ವಲ್ಪ ನಿಧಾನವಾದರೆ ರಶರ್ ಬಂದುಬಿಡುತ್ತಾಳೆ. ಚೆಂಡು ಸ್ಟಿಕ್ಕಿನ ಮೇಲೆ ಒಂದು ಚೂರು ಪುಟಿದರೂ ಹೊಡೆಯುವವಳ ಹೆಜ್ಜೆ ತಪ್ಪುತ್ತದೆ.

ಇಲ್ಲಿ ಇನ್ನೊಂದು ನಿಯಮ ಇದೆ. ಮೊದಲ ಹೊಡೆತವನ್ನು ಸ್ಟಿಕ್ ಬೀಸಿ ಹಿಟ್ ಮಾಡಿದರೆ, ಗೋಲು ಗೆರೆ ದಾಟುವಾಗ ಚೆಂಡು 460 ಮಿಲಿಮೀಟರ್‌ಗಿಂತ ಮೇಲಿರಬಾರದು. ಗೋಲಿನ ಹಿಂದಿರುವ ಹಲಗೆಯ ಎತ್ತರ ಅದು. ಡ್ರ್ಯಾಗ್ ಫ್ಲಿಕ್‌ಗೆ ಈ ಮಿತಿ ಇಲ್ಲ. ಚೆಂಡನ್ನು ಸ್ಟಿಕ್ಕಿನ ಕೊಕ್ಕೆಯಲ್ಲಿ ಹಿಡಿದು, ಮೈಯನ್ನು ನೆಲದ ಹತ್ತಿರ ತಂದು, ಉದ್ದ ಹೆಜ್ಜೆ ಹಾಕುತ್ತಾ ಎಳೆದು, ಸೊಂಟ ತಿರುಗಿಸಿ ಮಣಿಕಟ್ಟಿನಿಂದ ಎಸೆದರೆ ಚೆಂಡು ಗೋಲ್‌ಕೀಪರ್ ತಲೆಯ ಪಕ್ಕದಲ್ಲೂ ಹೋಗಬಹುದು, ಮೇಲಿನ ಮೂಲೆಗೂ ಹೋಗಬಹುದು. ಕೆಳಗೆ ಬರುತ್ತದೋ ಮೇಲೆ ಬರುತ್ತದೋ ಕೀಪರ್‌ಗೆ ತಿಳಿಯುವುದಿಲ್ಲ. ಒಳ್ಳೆಯ ಫ್ಲಿಕರ್ ಇಲ್ಲದ ತಂಡ ಏನು ಮಾಡುತ್ತದೆ? ತಿರುಗಿಸಿ ಕೊಡುವುದು, ಪಕ್ಕಕ್ಕೆ ಪಾಸ್ ಮಾಡುವುದು, ನೆಲಕ್ಕೆ ಹತ್ತಿರವಾಗಿ ಹೊಡೆಯುವುದು. ಎರಡು ಸಲ ನೋಡಿದ ಎದುರಾಳಿ ಮೂರನೇ ಸಲಕ್ಕೆ ಸಿದ್ಧವಾಗಿರುತ್ತಾರೆ. ಜಪಾನ್ ಹಾಗೇ ಸಿದ್ಧವಾಗಿತ್ತು. ಅವರ ಕೀಪರ್ ಚೆನ್ನಾಗಿ ಆಡಿದರು, ಅದನ್ನು ಒಪ್ಪಬೇಕು. ಆದರೆ ಅವರಿಗೆ ನಾವು ಕಷ್ಟ ಕೊಟ್ಟದ್ದು ಕಡಿಮೆ.

ಇದೇ ಮೈದಾನದಲ್ಲಿ, ಮರಾಂಗ್ ಗೋಮ್ಕೆ ಜೈಪಾಲ್ ಸಿಂಗ್ ಕ್ರೀಡಾಂಗಣದಲ್ಲಿ, ಎರಡೂವರೆ ತಿಂಗಳ ಹಿಂದೆ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್ ನಡೆದಿತ್ತು. ಎದುರಾಳಿ ಇದೇ ಜಪಾನ್. ನಾವು 4-0ರಿಂದ ಗೆದ್ದಿದ್ದೆವು. ಹಾಗಾಗಿ ನಮ್ಮ ತಂಡಕ್ಕೆ ಕಸುವಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಈ ಅರ್ಹತಾ ಟೂರ್ನಿಯ ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು ಆಡಿದ ರೀತಿ ನೋಡಿ. ದೀಪಿಕಾ ಮೊದಲ ಗೋಲು ಹೊಡೆದರು. ಷಾರ್ಲೊಟ್ ಸ್ಟಾಪೆನ್‌ಹೋರ್ಸ್ಟ್ ಎರಡು ಗೋಲು ಹೊಡೆದು ಜರ್ಮನಿಯನ್ನು ಮುಂದೆ ತಂದರು, ಎರಡನೆಯದು 57ನೇ ನಿಮಿಷದಲ್ಲಿ. ಬೇರೆ ತಂಡವಾಗಿದ್ದರೆ ಅಲ್ಲೇ ಕೈಚೆಲ್ಲುತ್ತಿತ್ತು. ನಮ್ಮ ಇಶಿಕಾ ಚೌಧರಿ 59ನೇ ನಿಮಿಷದಲ್ಲಿ ಸಮ ಮಾಡಿದರು. 2-2. ಆಮೇಲೆ ಶೂಟ್‌ಔಟ್‌ನಲ್ಲಿ 3-4ರಿಂದ ಹೋಯಿತು. 23 ಮೀಟರ್ ಗೆರೆಯಿಂದ ಎಂಟು ಸೆಕೆಂಡಿನಲ್ಲಿ ಕೀಪರನ್ನು ದಾಟುವ ಆಟ ಅದು, ಯಾರ ಕಡೆಗಾದರೂ ವಾಲಬಹುದು. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ.

ಎಂಟು ತಂಡಗಳಲ್ಲಿ ಮೂರಕ್ಕೆ ಪ್ಯಾರಿಸ್ ಟಿಕೆಟ್ ಇತ್ತು. ಜರ್ಮನಿ, ಅಮೆರಿಕ, ಜಪಾನ್ ತಗೊಂಡವು. ಮೊದಲ ಪಂದ್ಯದಲ್ಲಿ ಅಮೆರಿಕಕ್ಕೆ 0-1ರಿಂದ ಸೋತದ್ದೂ ಇದೇ ರೋಗ. ರ್ಯಾಂಕಿಂಗ್‌ನಲ್ಲಿ ನಮಗಿಂತ ಎಷ್ಟೋ ಕೆಳಗಿದ್ದ ತಂಡ ಅದು. ಅವಕಾಶ ಬಂದವು, ಗೋಲು ಬರಲಿಲ್ಲ.

ಈಗ ಟೋಕಿಯೊ ಒಲಿಂಪಿಕ್ಸ್ ನೆನಪು ಮಾಡಿಕೊಳ್ಳಿ. ಆಗಸ್ಟ್ 2, 2021. ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 1-0ರಿಂದ ಸೋಲಿಸಿದ ದಿನ. ಆ ಒಂದೇ ಗೋಲು ಬಂದದ್ದು ಪೆನಾಲ್ಟಿ ಕಾರ್ನರ್‌ನಿಂದ, ಗುರ್ಜಿತ್ ಕೌರ್ ಸ್ಟಿಕ್ಕಿನಿಂದ. ಆ ವರ್ಷ ಅಂತರರಾಷ್ಟ್ರೀಯ ಹಾಕಿ ಫೆಡರೇಶನ್ ಗುರ್ಜಿತ್ ಅವರನ್ನು ವರ್ಷದ ಆಟಗಾರ್ತಿ ಅಂತ ಆರಿಸಿತು. ಅಲ್ಲಿಂದ ಎರಡೂವರೆ ವರ್ಷಕ್ಕೆ, ಪ್ಯಾರಿಸ್ ಅರ್ಹತೆಗಾಗಿ ರಾಂಚಿಗೆ ಹೋದ ತಂಡದಲ್ಲಿ ಗುರ್ಜಿತ್ ಇರಲಿಲ್ಲ.

ಅವರನ್ನು ಕೈಬಿಟ್ಟದ್ದಕ್ಕೆ ಆಯ್ಕೆ ಮಾಡಿದವರಿಗೆ ಕಾರಣ ಇದ್ದಿರಬಹುದು. ಯಾವ ಆಟಗಾರ್ತಿಯೂ ತಂಡದಲ್ಲಿ ಕಾಯಂ ಅಲ್ಲ. ನನ್ನ ಪ್ರಶ್ನೆ ಬೇರೆ. ಅವರನ್ನು ಬಿಡುವ ಹೊತ್ತಿಗೆ ಅವರಷ್ಟೇ ಹೊಡೆಯಬಲ್ಲ ಇನ್ನಿಬ್ಬರು ಯಾಕೆ ಸಿದ್ಧ ಇರಲಿಲ್ಲ? ದೀಪಿಕಾಗೆ ಫ್ಲಿಕ್ ಇದೆ. ಉದಿತಾ ಇಟಲಿ ಎದುರು ಎರಡು ಗೋಲು ಹೊಡೆದರು, ಸಂತೋಷ. ಆದರೆ ಉದಿತಾಗೆ ಆ ಕೆಲಸ ಸಿಕ್ಕಿದ್ದೇ ತಡವಾಗಿ. ಇಷ್ಟು ದೊಡ್ಡ ದೇಶದ ಮಹಿಳಾ ಹಾಕಿ ಇಷ್ಟು ವರ್ಷ ಗುರ್ಜಿತ್ ಅನ್ನುವ ಒಂದೇ ಕಂಬದ ಮೇಲೆ ನಿಂತಿತ್ತು. ಆ ಕಂಬ ತೆಗೆದ ಮೇಲೆ ಸೂರು ಕುಸಿದರೆ ಆಶ್ಚರ್ಯ ಏನಿದೆ?

ಪುರುಷರ ತಂಡದಲ್ಲಿ ಹೀಗಿಲ್ಲ ಅಲ್ವಾ? 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಫ್ಲಿಕ್ ಮಾಡಲು ನಮ್ಮ ಕೊಡಗಿನ ವಿ.ಆರ್. ರಘುನಾಥ್ ಇದ್ದರು, ಜೊತೆಗೆ ರೂಪಿಂದರ್ ಪಾಲ್ ಸಿಂಗ್ ಇದ್ದರು, ಹರ್ಮನ್‌ಪ್ರೀತ್ ಆಗಿನ್ನೂ ಹುಡುಗ. ಟೋಕಿಯೊ ಹೊತ್ತಿಗೆ ರೂಪಿಂದರ್, ಹರ್ಮನ್‌ಪ್ರೀತ್ ಜೊತೆ ವರುಣ್ ಕುಮಾರ್, ಅಮಿತ್ ರೋಹಿದಾಸ್. ಒಬ್ಬರಿಗೆ ಆ ದಿನ ಕೈ ಬರಲಿಲ್ಲ ಅಂದರೆ ಇನ್ನೊಬ್ಬರು ಹೊಡೆಯುತ್ತಿದ್ದರು. ಯಾರು ಹೊಡೆಯುತ್ತಾರೆ ಅಂತ ಎದುರಾಳಿಗೆ ಗೊತ್ತಾಗುತ್ತಿರಲಿಲ್ಲ. 41 ವರ್ಷದ ಮೇಲೆ ಒಲಿಂಪಿಕ್ ಪದಕ ಬಂದದ್ದರಲ್ಲಿ ಇದರ ಪಾಲು ದೊಡ್ಡದು. ರೂಪಿಂದರ್ ನಿವೃತ್ತರಾದಾಗಲೂ ತಂಡ ತಡಬಡಾಯಿಸಲಿಲ್ಲ.

ಹುಡುಗರಿಗೆ ಈ ಸಾಲು ಹೇಗೆ ಬಂತು? ಚಿಕ್ಕಂದಿನಿಂದಲೇ ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತರು. ಅಕಾಡೆಮಿಯಲ್ಲಿ ಅಭ್ಯಾಸ ಮುಗಿದ ಮೇಲೂ ಚೆಂಡುಗಳ ರಾಶಿ ಹಾಕಿಕೊಂಡು ಫ್ಲಿಕ್ ಮಾಡುವ ಹುಡುಗರು ಇದ್ದರು, ಅವರ ತಪ್ಪು ತಿದ್ದುವ ಹಿರಿಯರೂ ಇದ್ದರು. ಹುಡುಗಿಯರಿಗೆ ಇದು ಸಿಕ್ಕಿದ್ದು ಕಡಿಮೆ. ಡ್ರ್ಯಾಗ್ ಫ್ಲಿಕ್ 22ನೇ ವಯಸ್ಸಿಗೆ ರಾಷ್ಟ್ರೀಯ ಶಿಬಿರಕ್ಕೆ ಬಂದು ಮೂರು ತಿಂಗಳಲ್ಲಿ ಕಲಿಯುವ ವಿದ್ಯೆ ಅಲ್ಲ. ಹದಿನಾಲ್ಕು, ಹದಿನೈದರಲ್ಲಿ ಹೆಜ್ಜೆ ಕಲಿಯಬೇಕು. ಸೊಂಟ, ಬೆನ್ನು, ತೊಡೆ ಗಟ್ಟಿಯಾಗಬೇಕು. ಗಟ್ಟಿಯಾಗುವ ಮೊದಲೇ ಜಾಸ್ತಿ ಹೊಡೆಸಿದರೆ ಬೆನ್ನು ಹೋಗುತ್ತದೆ, ಮಂಡಿ ಹೋಗುತ್ತದೆ. ದಿನಕ್ಕೆ ಎಷ್ಟು ಹೊಡೆಸಬೇಕು, ಯಾವಾಗ ನಿಲ್ಲಿಸಬೇಕು ಅಂತ ಗೊತ್ತಿರುವ ಕೋಚ್ ಪಕ್ಕದಲ್ಲಿರಬೇಕು. ಹೊಟ್ಟೆ ತುಂಬ ಒಳ್ಳೆಯ ಊಟ ಇರಬೇಕು. ಜೊತೆಗೆ ಪುಷ್ ಮಾಡುವವಳು, ನಿಲ್ಲಿಸುವವಳು ಇಬ್ಬರೂ ಅವಳ ಜೊತೆಯಲ್ಲೇ ಬೆಳೆಯಬೇಕು. ನಿಲ್ಲಿಸುವವಳ ಹೆಸರು ಪೇಪರಿನಲ್ಲಿ ಬರುವುದೇ ಇಲ್ಲ, ಆದರೆ ಅರ್ಧ ಗೋಲು ಅವಳದ್ದೇ.

ಇದಕ್ಕೆ ಹುಡುಗಿಯರು ಇಲ್ಲವೇ? ಇದ್ದಾರೆ. ಕಳೆದ ಜೂನ್‌ನಲ್ಲಿ ನಮ್ಮ ಜೂನಿಯರ್ ಮಹಿಳೆಯರು ಕೊರಿಯಾವನ್ನು ಸೋಲಿಸಿ ಮೊದಲ ಸಲ ಜೂನಿಯರ್ ಏಷ್ಯಾ ಕಪ್ ಗೆದ್ದರು. ಸಿಮ್ಡೇಗಾದ ಹಳ್ಳಿಯಿಂದ ಸಲೀಮಾ ಟೇಟೆ ಬಂದರು, ಖೂಂಟಿಯ ಹೇಸಲ್‌ನಿಂದ ನಿಕ್ಕಿ ಪ್ರಧಾನ್ ಬಂದರು. ನೀವೂ ಪಕ್ಕದ ಸುಂದರ್‌ಗಢದವರೇ. ಆ ಕಡೆಯ ಮಕ್ಕಳ ಓಟ, ಮೈಕಟ್ಟು, ಹಟ ಏನು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಸಬ್‌ಜೂನಿಯರ್ ಹುಡುಗಿಯರಿಗೆ ರಾಣಿ ರಾಂಪಾಲ್ ಅವರನ್ನು ಕೋಚ್ ಮಾಡಿದ್ದು ಒಳ್ಳೆಯ ಕೆಲಸ. ಮನಸಾರೆ ಹೇಳುತ್ತೇನೆ. ಅದರ ಮುಂದಿನ ಹೆಜ್ಜೆ ಬೇಕು. ಪ್ರತಿ ವಯೋಮಿತಿಯ ತಂಡದಲ್ಲೂ ನಾಲ್ಕಾರು ಹುಡುಗಿಯರನ್ನು ಫ್ಲಿಕ್‌ಗೆ ಅಂತಲೇ ಗುರುತಿಸಿ, ಅವರ ಊರಿನ ಹಾಸ್ಟೆಲಿನಲ್ಲೇ ವರ್ಷವಿಡೀ ಕಲಿಸುವ ವ್ಯವಸ್ಥೆ ಮಾಡಿ. ವರ್ಷಕ್ಕೊಂದು ಹತ್ತು ದಿನದ ಶಿಬಿರ ಸಾಲುವುದಿಲ್ಲ. ರಘುನಾಥ್, ರೂಪಿಂದರ್ ಅಂಥವರನ್ನು, ಗುರ್ಜಿತ್ ಅವರನ್ನೂ, ಇದಕ್ಕೆ ಕರೆಯಿರಿ. ಗುರ್ಜಿತ್ ಕಲಿತದ್ದು ಅವರ ಜೊತೆಯಲ್ಲೇ ಮುಗಿದುಹೋಗಬಾರದು.

ಇನ್ನೊಂದು, ಮಹಿಳೆಯರಿಗೆ ಲೀಗ್. 2013ರಿಂದ 2017ರವರೆಗೆ ಹಾಕಿ ಇಂಡಿಯಾ ಲೀಗ್ ನಡೆಯಿತು, ಪುರುಷರಿಗೆ ಮಾತ್ರ. ನಮ್ಮ ಹುಡುಗರು ಜಗತ್ತಿನ ದೊಡ್ಡ ಆಟಗಾರರ ಜೊತೆ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ಕಲಿತದ್ದು ಅಲ್ಲೇ. ಲೀಗನ್ನು ಮತ್ತೆ ಶುರು ಮಾಡುವುದಾದರೆ ಹುಡುಗಿಯರನ್ನು ಬಿಟ್ಟು ಮಾಡಬೇಡಿ.

ಕೋಚ್ ವಿಷಯಕ್ಕೆ ಬರುತ್ತೇನೆ. ಯಾನೆಕೆ ಶಾಪ್‌ಮನ್ ಅವರನ್ನು ಕಳಿಸಿಬಿಡಿ ಅಂತ ಸೋತ ರಾತ್ರಿಯಿಂದಲೇ ಕೂಗು ಕೇಳುತ್ತಿದೆ. ಅವರ ಕೆಲವು ನಿರ್ಧಾರ ನನಗೂ ಒಪ್ಪಿಗೆ ಇಲ್ಲ. ಪೆನಾಲ್ಟಿ ಕಾರ್ನರ್‌ಗೆ ಗಟ್ಟಿ ವ್ಯವಸ್ಥೆ ಇಲ್ಲದೆ ಅಷ್ಟು ದೊಡ್ಡ ಟೂರ್ನಿಗೆ ಹೋದದ್ದಕ್ಕೆ ಅವರೂ ಉತ್ತರ ಕೊಡಬೇಕು. ಆದರೆ ಕೋಚ್ ಬದಲಾಯಿಸಿ ಕೈತೊಳೆದುಕೊಳ್ಳುವುದು ನಮ್ಮ ಹಾಕಿಯ ಹಳೇ ಚಾಳಿ. 2008ರ ಮಾರ್ಚ್‌ನಲ್ಲಿ ಚಿಲಿಯ ಸಾಂಟಿಯಾಗೊದಲ್ಲಿ ಪುರುಷರ ತಂಡ ಬ್ರಿಟನ್‌ಗೆ 0-2ರಿಂದ ಸೋತು, 1928ರ ನಂತರ ಮೊದಲ ಸಲ ಒಲಿಂಪಿಕ್ಸ್ ತಪ್ಪಿಸಿಕೊಂಡಿತು. ಕೋಚ್ ಹೋದರು. ಆಮೇಲೆ ಇನ್ನೊಬ್ಬರು ಬಂದರು, ಅವರೂ ಹೋದರು. ನಾಲ್ಕು ವರ್ಷ ಕಳೆದು ಲಂಡನ್‌ಗೆ ಹೋದಾಗ 12 ತಂಡಗಳಲ್ಲಿ ನಾವು ಹನ್ನೆರಡನೆಯವರು.

ಮಹಿಳಾ ತಂಡದ್ದೇ ಉದಾಹರಣೆ ತಗೊಳ್ಳಿ. 2017ರಲ್ಲಿ ಶೋರ್ಡ್ ಮರೈನ್ ಬಂದರು. ವರ್ಷ ತುಂಬುವ ಮೊದಲೇ ಅವರನ್ನು ಪುರುಷರ ತಂಡಕ್ಕೆ ಕಳಿಸಿ, ಹರೇಂದ್ರ ಸಿಂಗ್ ಅವರನ್ನು ಇಲ್ಲಿಗೆ ತಂದರು. 2018ರಲ್ಲಿ ಮತ್ತೆ ಇಬ್ಬರನ್ನೂ ಅದಲು ಬದಲು ಮಾಡಿದರು. ಅಲ್ಲಿಂದ ಮುಂದೆ ಮೂರು ವರ್ಷ ಮರೈನ್ ಅವರನ್ನು ಯಾರೂ ಅಲುಗಾಡಿಸಲಿಲ್ಲ. ಆಗ ಬಂದದ್ದು ಟೋಕಿಯೊದ ನಾಲ್ಕನೇ ಸ್ಥಾನ. ಈಗ ಶಾಪ್‌ಮನ್ ಇರಲಿ, ಬೇರೆಯವರು ಬರಲಿ, ಯಾರಿಗೇ ಕೊಟ್ಟರೂ ಪೂರಾ ಅವಧಿ ಕೊಡಿ. ಪೆನಾಲ್ಟಿ ಕಾರ್ನರ್‌ಗೆ ಬೇರೆಯದೇ ಕೋಚ್ ಕೊಡಿ.

ಟಿರ್ಕಿ ಅವರೇ, ಇದೆಲ್ಲ ನಿಮಗೆ ಹೊಸದೇನಲ್ಲ. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪೋಲೆಂಡ್ ಎದುರು ಗೆದ್ದಿದ್ದರೆ ಭಾರತ ಸೆಮಿಫೈನಲ್‌ಗೆ ಹೋಗುತ್ತಿತ್ತು. ಇನ್ನೆರಡು ನಿಮಿಷವೂ ಉಳಿದಿರಲಿಲ್ಲ, ಪೋಲೆಂಡ್ ಗೋಲು ಹೊಡೆದು 1-1 ಮಾಡಿತು. ಆ ತಂಡದ ರಕ್ಷಣೆಯಲ್ಲಿ ನೀವಿದ್ದಿರಿ. ಆ ಪಂದ್ಯ ನಮ್ಮಂಥ ಅಭಿಮಾನಿಗಳಿಗೇ ಇವತ್ತಿಗೂ ಚುಚ್ಚುತ್ತದೆ, ನಿಮಗೆ ಹೇಗಿರಬೇಡ? ಹಾಗಾಗಿ ಜಪಾನ್ ಪಂದ್ಯ ಮುಗಿದ ಮೇಲೆ ಟರ್ಫ್ ಮೇಲೆ ಕುಸಿದು ಅತ್ತ ಹುಡುಗಿಯರ ಸ್ಥಿತಿ ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಾಗಬೇಕು? ಸವಿತಾ ಸತತ ಮೂರು ವರ್ಷ ಜಗತ್ತಿನ ಅತ್ಯುತ್ತಮ ಗೋಲ್‌ಕೀಪರ್ ಅನ್ನಿಸಿಕೊಂಡವರು. ಅಂಥ ಕೀಪರ್ ಇದ್ದೂ ನಾವು ಒಲಿಂಪಿಕ್ಸ್ ಮನೆಯಲ್ಲಿ ಕೂತು ನೋಡಬೇಕು. ಅವರ ಆಟದ ಒಳ್ಳೆಯ ವರ್ಷಗಳು ಮತ್ತೆ ಬರುವುದಿಲ್ಲ. ನನಗೆ ಅತಿ ಸಂಕಟ ಆಗುವುದು ಇದಕ್ಕೇ.

ಅಭಿಮಾನಿಗಳಿಗೂ ಎರಡು ಮಾತು. ಟೋಕಿಯೊದಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾ ಎದುರು ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಹಾಕಿ ಆಟಗಾರ್ತಿ ಅವರು. ಅದಾಗಿ ಕೆಲವೇ ದಿನಕ್ಕೆ ಸೆಮಿಫೈನಲ್ ಸೋತಾಗ, ಅವರ ಮನೆ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದರು ಅಂತ ಕುಟುಂಬದವರು ಪೊಲೀಸರಿಗೆ ದೂರು ಕೊಡಬೇಕಾಯಿತು. ಈ ಸಲ ವಂದನಾ ಗಾಯದಿಂದ ರಾಂಚಿಯಲ್ಲಿ ಆಡಲೇ ಇಲ್ಲ. ಆಡಿದವರ ಮೇಲೆ ಈಗ ಬೈಗುಳ ಸುರಿಯುತ್ತಿದೆ. ದಯವಿಟ್ಟು ನಿಲ್ಲಿಸಿ. ಸೋತಾಗ ಬೇಜಾರಾಗುತ್ತದೆ, ಟೀಕೆ ಮಾಡೋಣ, ಜೋರಾಗೇ ಮಾಡೋಣ. ಪಾಸ್ ತಪ್ಪಿತು ಅನ್ನಿ, ಆಯ್ಕೆ ತಪ್ಪಿತು ಅನ್ನಿ. ಹುಡುಗಿಯ ಮನೆ, ಮೈ, ಜಾತಿ ಇವುಗಳ ಬಗ್ಗೆ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಗೆದ್ದಾಗ ನಾಲ್ಕು ದಿನ ಹೊಗಳಿ, ಮಧ್ಯದ ಮೂರು ವರ್ಷ ಒಂದೂ ಪಂದ್ಯ ನೋಡದೆ, ಸೋತಾಗ ಮಾತ್ರ ಬಂದು ಸುಮ್ನೆ ಬೈಯುವುದು ಅಭಿಮಾನ ಆಗುವುದಿಲ್ಲ.

ಫೆಬ್ರವರಿ ಮೊದಲ ವಾರದಲ್ಲಿ ಭುವನೇಶ್ವರದಲ್ಲಿ ಇದೇ ತಂಡದ ಪ್ರೊ ಲೀಗ್ ಪಂದ್ಯಗಳು ಇವೆ, ಆಮೇಲೆ ರೂರ್ಕೆಲಾದಲ್ಲಿ. ಪ್ಯಾರಿಸ್ ಅಂತೂ ಹೋಯಿತು. ಅಂದಮೇಲೆ ಆ ಪಂದ್ಯಗಳಲ್ಲಿ ಸೋಲುವ ಭಯ ಬಿಟ್ಟುಬಿಡಿ. ಜೂನಿಯರ್ ತಂಡದಿಂದ ಫ್ಲಿಕ್ ಮಾಡಬಲ್ಲ ಒಂದಿಬ್ಬರು ಹುಡುಗಿಯರನ್ನು ತಂದು, ಸಿಗುವ ಕಾರ್ನರ್‌ಗಳನ್ನು ಅವರಿಗೇ ಬಿಡಿ. ಮೊದಮೊದಲು ಗೋಲಿನ ಆಚೆ ಹೋಗುತ್ತವೆ, ರಶರ್ ಕಾಲಿಗೆ ಬಡಿಯುತ್ತವೆ. ಹೋಗಲಿ. ಹತ್ತು ತಪ್ಪಿದರೂ ಹನ್ನೊಂದನೆಯದನ್ನು ಅವಳಿಗೇ ಕೊಡಿ ಅಂತ ಕೋಚ್‌ಗೆ ನೀವೇ ಹೇಳಿ. ನಾವು ಟಿವಿ ಮುಂದೆ ಇರುತ್ತೇವೆ. ಅವಳು ತಪ್ಪಿಸಿದಾಗ ನಾನಂತೂ ಬೈಯುವುದಿಲ್ಲ.

ಇಂತಿ,
ಕರ್ನಾಟಕದ ಒಬ್ಬ ಹಾಕಿ ಅಭಿಮಾನಿ